ಬೋರ್ನ್‌ವಿಲ್‌ನ ವರ್ತಕ

ಗಳಿಸಿದ ಧನದಲ್ಲಿ ಒಂದಂಶವನ್ನು ದೇವರಿಗೂ ದೀನರಿಗೂ ಎತ್ತಿಡುವ ವರ್ತಕರು ಎಲ್ಲ ದೇಶಗಳಲ್ಲಿಯೂ ಎಲ್ಲ ಮತಗಳಲ್ಲಿಯೂ ಆಗಿಹೋಗಿದ್ದಾರೆ. ನಮ್ಮ ನಾಡಿನ ದಾರಿಗಳ ಬದಿಯ ಛತ್ರಗಳು, ಪೇಟೆಗಳ ನಡುವಣ ಕಲ್ಯಾಣಿಗಳು, ಬೇಸಗೆಯ ಅರವಟ್ಟಿಗೆಗಳು, ಬಡ ಹುಡುಗರಿಗೆ ಅನ್ನವಿಕ್ಕಿದ ವಿದ್ಯಾರ್ಥಿನಿಲಯಗಳು ಅಂಥವರ ಹೆಸರುಗಳನ್ನು ಇಂದಿಗೂ ಧರಿಸಿಕೊಂಡಿವೆ; ಅವರಿಗೆ ಲೋಕವು ಋಣಿಯಾಗಿದೆ. ಆದರೆ ಧನವು ಕೈಸೇರಿದ ಮೇಲೆ ಅದರಲ್ಲಿ ಇಷ್ಟನ್ನು ಕೊಡತಕ್ಕದ್ದೆಂದು ನಿಶ್ಚಯಿಸುವುದು ಒಂದು ಬಗೆಯ ಔದಾರ್ಯ. ಆ ಧನವು ಕೈಸೇರುವ ದಾರಿಯೇ ದೇವರ ಕಣ್ಣಿಗೆ ಒಪ್ಪುವಂಥದ್ದಾಗಿರಬೇಕೆಂದು ಸಂಕಲ್ಪಿಸಿ, ಪದಾರ್ಥದ ಶುದ್ಧಿಯಿಂದ ತೊಡಗಿ ಕೂಲಿಗಾರನ ಮನೆಯ ಗಾಳಿಬೆಳಕಿನವರೆಗೆ ಎಲ್ಲಕ್ಕೂ ತಾನೇ ಹೊಣೆಯೆಂದು ಭಾವಿಸುವುದು ಇನ್ನೊಂದು ಬಗೆಯದು. ಈ ಎರಡನೆಯದು ಮೊದಲನೆಯದಕ್ಕಿಂತ ಕಠಿನ. ಶೌಚಗಳೆಲ್ಲದರಲ್ಲಿಯೂ ಅರ್ಥಶೌಚವೇ ಮಿಗಿಲೆಂದು ನಮ್ಮ ಧರ್ಮಶಾಸ್ತ್ರಕಾರರು ಹೇಳಿದ್ದು ಈ ಕಾಠಿನ್ಯವನ್ನು ಬಲ್ಲವರಾದ್ದರಿಂದ. ಕಾಯಕವು ಶುದ್ಧವಾಗಿರದಿದ್ದರೆ ದಾಸೋಹವು ಸಲ್ಲದೆಂದು ಕಲ್ಯಾಣದ ಶರಣರು ಬಗೆದದ್ದೂ ಅದೇ ಕಾರಣದಿಂದ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ, ಯಂತ್ರಗಳ ಹೊಗೆಯೂ ಬಡವರ ಕೇರಿಗಳ ಕೊಳೆಯೂ ಏಕಕಾಲದಲ್ಲಿ ಹೆಚ್ಚುತ್ತಿದ್ದ ದಿನಗಳಲ್ಲಿ, ಈ ಕಠಿನವಾದ ಮಾರ್ಗವನ್ನು ಹಿಡಿದು, ಬಹುದೂರ ಸಾಗಿ, ಒಂದೆಡೆ ತಡವರಿಸಿ, ಮತ್ತೆ ಸಾಗಿದ ವರ್ತಕನೊಬ್ಬನಿದ್ದನು. ಅವನ ಹೆಸರು ಜಾರ್ಜ್ ಕ್ಯಾಡ್ಬರಿ. ಆ ಕುಲನಾಮವನ್ನು ಚಾಕೊಲೇಟಿನ ಹೊದಿಕೆಯ ಮೇಲೆ ಓದದ ಮಗುವು ಇಂದು ನಮ್ಮಲ್ಲಿ ವಿರಳ. ಆದರೆ ಆ ಹೆಸರಿನ ಹಿಂದಣ ಮನುಷ್ಯನನ್ನು ಬಲ್ಲವರು ಇನ್ನೂ ವಿರಳ.

ಅವನನ್ನು ಅರಿಯಬೇಕಾದರೆ ಮೊದಲು ಅವನ ಮತವನ್ನು ಅರಿಯಬೇಕು. ಕ್ಯಾಡ್ಬರಿ ಮನೆತನದವರು ಕ್ವೇಕರರು; ತಮ್ಮನ್ನು ತಾವು ಮಿತ್ರರ ಸಮಾಜದವರೆಂದು ಕರೆದುಕೊಳ್ಳುವ ಕ್ರೈಸ್ತರು. ಹದಿನೇಳನೆಯ ಶತಮಾನದಲ್ಲಿ ಜಾರ್ಜ್ ಫಾಕ್ಸ್ ಎಂಬಾತನು ಕಟ್ಟಿದ ಈ ಪಂಥದಲ್ಲಿ ಪಾದ್ರಿಯಿಲ್ಲ, ಬಲಿಪೀಠವಿಲ್ಲ, ನಿಯತವಾದ ಮಂತ್ರಪಾಠವಿಲ್ಲ. ಸಭೆ ಸೇರಿದವರು ಮೌನವಾಗಿ ಕುಳಿತು, ಪ್ರತಿಯೊಬ್ಬರ ಹೃದಯದಲ್ಲಿಯೂ ದೇವರ ಬೆಳಕೊಂದು ಇದೆಯೆಂಬ ನಂಬಿಕೆಯಿಂದ ಅದರ ಪ್ರೇರಣೆಗಾಗಿ ಕಾಯುತ್ತಾರೆ. ಯಾರಿಗೆ ಪ್ರೇರಣೆಯಾಗುವುದೋ ಅವರು ಎದ್ದು ನಾಲ್ಕು ಮಾತನ್ನಾಡುತ್ತಾರೆ. ಯಾರಿಗೂ ಆಗದಿದ್ದರೆ ಮೌನದಲ್ಲಿಯೇ ಆರಾಧನೆ ಮುಗಿಯುತ್ತದೆ. ಸತ್ಯವನ್ನು ಎಂದೆಂದಿಗೂ ಆಡತಕ್ಕವರಾದ ಕಾರಣ ಅವರು ನ್ಯಾಯಸ್ಥಾನದಲ್ಲಿಯೂ ಪ್ರಮಾಣ ಮಾಡಲೊಲ್ಲರು; ಎದುರಿಗಿರುವವನ ಹೃದಯದಲ್ಲಿಯೂ ಅದೇ ಬೆಳಕು ಇರುವುದರಿಂದ ಯುದ್ಧಕ್ಕೆ ಹೋಗಲೊಲ್ಲರು. ಆಂಗ್ಲಿಕನ್ ಚರ್ಚಿಗೆ ಸೇರದವರಾದ್ದರಿಂದ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಬಾಗಿಲು ಅವರಿಗೆ ದೀರ್ಘಕಾಲ ಮುಚ್ಚಿದ್ದಿತು. ಅಲ್ಲಿನ ಮತಪರೀಕ್ಷೆಯ ನಿರ್ಬಂಧಗಳು ಪೂರ್ಣವಾಗಿ ತೊಲಗಿದ್ದು 1871ರಲ್ಲಿ. ಹೀಗೆ ವಿದ್ವದ್ವೃತ್ತಿಗಳೂ ಸೈನ್ಯವೂ ದೂರವಾದಾಗ ಅವರಿಗೆ ಉಳಿದದ್ದು ವ್ಯಾಪಾರ. ಚೌಕಾಸಿಗೆ ಎಡೆಗೊಡದೆ ಎಲ್ಲರಿಗೂ ಒಂದೇ ದರ ಹೇಳುವವರೆಂದೂ, ಅಳತೆ ತೂಕಗಳಲ್ಲಿ ಮೋಸವಿಲ್ಲದವರೆಂದೂ ಜನರು ಅವರ ಅಂಗಡಿಗಳನ್ನು ಹುಡುಕಿಕೊಂಡು ಬಂದರು. ಬ್ರಿಸ್ಟಲಿನ ಫ್ರೈ, ಯಾರ್ಕಿನ ರೌಂಟ್ರೀ, ಬರ್ಮಿಂಗ್‌ಹ್ಯಾಮಿನ ಕ್ಯಾಡ್ಬರಿ, ಇಂಗ್ಲೆಂಡಿನ ಈ ಮೂರು ಪ್ರಸಿದ್ಧ ಕೊಕ್ಕೋ ಮನೆತನಗಳೂ ಕ್ವೇಕರ್ ಮನೆತನಗಳೇ ಆಗಿದ್ದುದು ಆಕಸ್ಮಿಕವಲ್ಲ. ಮದ್ಯಪಾನವು ಬಡವರ ಸಂಸಾರಗಳನ್ನು ನುಂಗುತ್ತಿದ್ದ ಕಾಲದಲ್ಲಿ, ಅದರ ಬದಲಿಗೆ ಜನರ ಕೈಗೆ ಕೊಡಬಹುದಾದ ನಿರ್ದೋಷವಾದ ಬಿಸಿ ಪಾನೀಯವೊಂದು ಅವರಿಗೆ ಬೇಕಾಗಿದ್ದಿತು.

ಜಾರ್ಜನ ತಂದೆ ಜಾನ್ ಕ್ಯಾಡ್ಬರಿಯು 1824ರಲ್ಲಿ ಬರ್ಮಿಂಗ್‌ಹ್ಯಾಮಿನ ಬುಲ್ ಸ್ಟ್ರೀಟಿನಲ್ಲಿ ಒಂದು ಅಂಗಡಿಯನ್ನು ತೆರೆದನು. ಚಹಾ ಮತ್ತು ಕಾಫಿಗಳ ಜೊತೆಗೆ, ತಾನೇ ಕುಟ್ಟಿ ಪುಡಿಮಾಡಿದ ಕೊಕ್ಕೋವನ್ನೂ ಅವನು ಮಾರುತ್ತಿದ್ದನು. 1831ರಲ್ಲಿ ಕೊಕ್ಕೋ ತಯಾರಿಕೆಯನ್ನು ಪ್ರತ್ಯೇಕವಾಗಿ ಆರಂಭಿಸಿದನು. ಪಾನನಿರೋಧದ ಆಂದೋಲನದಲ್ಲಿಯೂ, ಎಳೆಯ ಹುಡುಗರನ್ನು ಹೊಗೆಗೂಡುಗಳೊಳಕ್ಕೆ ಹತ್ತಿಸಿ ಮಸಿ ತೆಗೆಸುವ ಕ್ರೂರಪದ್ಧತಿಯನ್ನು ನಿಲ್ಲಿಸುವ ಪ್ರಯತ್ನದಲ್ಲಿಯೂ ಅವನು ಮುಂದಾಗಿದ್ದನು. ಆದರೆ 1855ರಲ್ಲಿ ಪತ್ನಿಯು ಕ್ಷಯರೋಗದಿಂದ ತೀರಿಕೊಂಡ ಬಳಿಕ ಅವನ ಆರೋಗ್ಯವೂ ಉತ್ಸಾಹವೂ ಕುಗ್ಗಿದವು. ವ್ಯಾಪಾರವು ದಿನದಿನಕ್ಕೆ ಇಳಿಮುಖವಾಯಿತು. 1861ರಲ್ಲಿ ಮಕ್ಕಳಾದ ರಿಚರ್ಡ್ ಮತ್ತು ಜಾರ್ಜ್ ಅದನ್ನು ವಹಿಸಿಕೊಂಡಾಗ ಅಣ್ಣನಿಗೆ 25 ವರ್ಷ, ತಮ್ಮನಿಗೆ 21. ಅವರ ಕೈಗೆ ಬಂದದ್ದು ಮುಳುಗುತ್ತಿದ್ದ ಒಂದು ಕಾರ್ಖಾನೆ ಮತ್ತು ಬೆರಳೆಣಿಕೆಯ ಕೆಲಸಗಾರರು. ತಾಯಿಯಿಂದ ಬಂದಿದ್ದ ತಲಾ 4,000 ಪೌಂಡುಗಳನ್ನು ಅಣ್ಣತಮ್ಮಂದಿರಿಬ್ಬರೂ ಅದರಲ್ಲಿ ಹೂಡಿದರು.

ಮುಂದಿನ ಮೂರು ವರ್ಷಗಳ ಕಥೆ ತಪಸ್ಸಿನ ಕಥೆ. ಸಾಲ ಮಾಡತಕ್ಕದ್ದಲ್ಲ, ಕೈಗಂಟು ತೀರುವ ಮೊದಲೇ ಕೊಡಬೇಕಾದವರಿಗೆಲ್ಲ ಪೂರ್ತಿ ಕೊಟ್ಟು ಬಾಗಿಲು ಮುಚ್ಚತಕ್ಕದ್ದು ಎಂದು ಅವರು ನಿಶ್ಚಯಿಸಿದ್ದರು. ಹಾಗೆ ಮುಚ್ಚಿದ ಪಕ್ಷದಲ್ಲಿ ರಿಚರ್ಡನು ಭೂಮಾಪಕನಾಗುವುದೆಂದೂ ಜಾರ್ಜನು ಭಾರತಕ್ಕೆ ಬಂದು ಹಿಮಾಲಯದ ತಪ್ಪಲಿನಲ್ಲಿ ಚಹಾ ತೋಟ ಮಾಡುವುದೆಂದೂ ಯೋಚನೆಯಾಗಿದ್ದಿತು. ಅವಿವಾಹಿತನಾಗಿದ್ದ ಜಾರ್ಜನು ಬೆಳಗಿನ ಪತ್ರಿಕೆಯನ್ನು ಬಿಟ್ಟನು. ಚಹಾ ಕಾಫಿಗಳನ್ನು ಬಿಟ್ಟನು. ವರ್ಷವೊಂದಕ್ಕೆ ಸುಮಾರು 25 ಪೌಂಡುಗಳಲ್ಲಿ ತನ್ನ ಖರ್ಚನ್ನೆಲ್ಲ ನಡೆಸಿದನು. ಮುಂಜಾನೆಯೇ ಕಾರ್ಖಾನೆಗೆ ಬಂದು ರಾತ್ರಿಯವರೆಗೆ ಅಲ್ಲಿಯೇ ದುಡಿದನು. 1864ರ ಹೊತ್ತಿಗೆ ಲೆಕ್ಕದ ಪುಸ್ತಕದಲ್ಲಿ ಸ್ವಲ್ಪ ಲಾಭವು ಕಾಣಿಸಿಕೊಂಡಿತು. ಐಶ್ವರ್ಯವು ಬಂದ ಮೇಲೆಯೂ ಈ ಮಿತವ್ಯಯವು ಅವನ ಸ್ವಭಾವವಾಗಿಯೇ ಉಳಿಯಿತು. ಹೇರಳವಾದ ಆಸ್ತಿಯು ಮಕ್ಕಳಿಗೆ ಹಿತಕರವಲ್ಲವೆಂದು ಅವನು ದೃಢವಾಗಿ ನಂಬಿದ್ದನು.

ಆದರೆ ಉಳಿತಾಯ ಒಂದರಿಂದಲೇ ವ್ಯಾಪಾರವು ಮೇಲೇಳದು; ಮಾರುವ ಪದಾರ್ಥದಲ್ಲಿಯೇ ಒಂದು ದೋಷವಿದ್ದಿತು. ಕೊಕ್ಕೋ ಬೀಜದಲ್ಲಿ ತೂಕದ ಅರ್ಧದಷ್ಟು ಜಿಡ್ಡಿರುತ್ತದೆ. ಹುರಿದು ಅರೆದ ಬೀಜವನ್ನು ಬಿಸಿನೀರಿಗೆ ಹಾಕಿದರೆ ಆ ಜಿಡ್ಡು ಮೇಲಕ್ಕೆ ತೇಲಿ ಪಾನೀಯವು ಅರುಚಿಕರವಾಗುತ್ತಿದ್ದ ಕಾರಣ, ಅದನ್ನು ಹೀರಿಕೊಳ್ಳಲೆಂದು ಎಲ್ಲ ತಯಾರಕರೂ ಆಲೂಗೆಡ್ಡೆಯ ಹಿಟ್ಟು, ಸಾಬೂದಾನಿ, ಕಾಕಂಬಿ ಮೊದಲಾದವನ್ನು ಬೆರೆಸುತ್ತಿದ್ದರು. ದುರಾಶೆಯ ವರ್ತಕರು ಬಣ್ಣಕ್ಕಾಗಿ ಕೆಮ್ಮಣ್ಣನ್ನೂ ಇಟ್ಟಿಗೆಯ ಪುಡಿಯನ್ನೂ ಬೆರೆಸಲು ಹಿಂಜರಿಯಲಿಲ್ಲವೆಂಬುದು ಆ ಕಾಲದ ವೈದ್ಯರ ಪರೀಕ್ಷೆಗಳಿಂದ ಬಯಲಾಗಿದ್ದಿತು. ಕ್ಯಾಡ್ಬರಿಯವರು ಇಟ್ಟಿಗೆಯ ಪುಡಿಯ ಪಾಪಕ್ಕೆ ಇಳಿದವರಲ್ಲ. ಆದರೂ ಅವರು ಮಾರುತ್ತಿದ್ದ ಒಂದು ಬಗೆಯ ಪುಡಿಯಲ್ಲಿ ನಿಜವಾದ ಕೊಕ್ಕೋ ಇದ್ದದ್ದು ಐದನೆಯ ಒಂದು ಪಾಲು ಮಾತ್ರ, ಮಿಕ್ಕದ್ದು ಹಿಟ್ಟು ಮತ್ತು ಕಾಕಂಬಿ. ಜಾರ್ಜನೇ ಮುಂದೆ ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡನು. ಹಾಲೆಂಡಿನಲ್ಲಿ ವಾನ್ ಹೌಟೆನ್ ಎಂಬ ಮನೆತನದವರು ಬೀಜದ ಜಿಡ್ಡನ್ನು ಹಿಂಡಿ ತೆಗೆಯುವ ಯಂತ್ರವೊಂದನ್ನು ಬಳಸುತ್ತಿದ್ದರು. ಡಚ್ ಭಾಷೆಯ ಒಂದಕ್ಷರವನ್ನೂ ಅರಿಯದ ಜಾರ್ಜನು ನಿಘಂಟನ್ನು ಕೈಯಲ್ಲಿ ಹಿಡಿದು, ಮಿಕ್ಕದ್ದನ್ನು ಕೈಸನ್ನೆಗಳಿಂದಲೇ ತಿಳಿಸುತ್ತ ಆ ದೇಶಕ್ಕೆ ಹೋಗಿ ಯಂತ್ರವನ್ನು ಕೊಂಡು ತಂದನು. 1866ರಲ್ಲಿ ಹಿಟ್ಟಿನ ಸೋಂಕಿಲ್ಲದ ‘ಕೊಕ್ಕೋ ಎಸೆನ್ಸ್’ ಪೇಟೆಗೆ ಬಂದಿತು. ಬೆಲೆ ಹೆಚ್ಚಾದರೂ ಶುದ್ಧವಾದ ಪದಾರ್ಥವೆಂದು ವೈದ್ಯರು ಮೆಚ್ಚಿದರು. ಆಹಾರದ ಕಲಬೆರಕೆಯನ್ನು ತಡೆಯುವ ಕಾನೂನುಗಳು 1872ರಲ್ಲಿಯೂ 1875ರಲ್ಲಿಯೂ ಪಾರ್ಲಿಮೆಂಟಿನಲ್ಲಿ ಅಂಗೀಕಾರವಾದ ಕಾಲಕ್ಕೆ, ಕಾನೂನಿಗೆ ಹೆದರಬೇಕಾದ ಸ್ಥಿತಿ ಕ್ಯಾಡ್ಬರಿಯವರಿಗೆ ಇರಲಿಲ್ಲ. ಕಾನೂನೇ ಅವರ ಪದಾರ್ಥಕ್ಕೆ ಪ್ರಶಸ್ತಿಪತ್ರವಾಯಿತು. ಕೆಲಕಾಲದಲ್ಲಿಯೇ ಹಿಟ್ಟು ಬೆರೆತ ಕೊಕ್ಕೋವನ್ನು ತಯಾರಿಸುವುದನ್ನೇ ಅವರು ಕೈಬಿಟ್ಟರು. ಋಜುತ್ವವೂ ಲಾಭವೂ ಇಲ್ಲಿ ಜೊತೆಯಾಗಿ ಬಂದವು. ಎಲ್ಲ ಸಂದರ್ಭಗಳಲ್ಲಿಯೂ ಹಾಗೆ ಬರುವುದಿಲ್ಲವೆಂಬುದನ್ನು ಅವನು ಮುಂದೆ ಕಾಣಬೇಕಾಗಿದ್ದಿತು.

ಜಾರ್ಜನ ಜೀವನವನ್ನು ತಿದ್ದಿದ ಗುರುಕುಲವೊಂದಿತ್ತು. ವಿಚಿತ್ರವೆಂದರೆ ಅಲ್ಲಿ ಅವನೇ ಉಪಾಧ್ಯಾಯ. ಬರ್ಮಿಂಗ್‌ಹ್ಯಾಮಿನ ಸೆವರ್ನ್ ಸ್ಟ್ರೀಟಿನಲ್ಲಿ ಜೋಸೆಫ್ ಸ್ಟರ್ಜ್ ಎಂಬ ಕ್ವೇಕರನು 1845ರಲ್ಲಿ ಸ್ಥಾಪಿಸಿದ್ದ ವಯಸ್ಕರ ಪಾಠಶಾಲೆಯು ಭಾನುವಾರಗಳಂದು ಮುಂಜಾನೆ ನಡೆಯುತ್ತಿದ್ದಿತು. ವಾರವೆಲ್ಲ ಕುಲುಮೆ ಕಾರ್ಖಾನೆಗಳಲ್ಲಿ ದುಡಿದ ಗಂಡಸರು, ಅವರಲ್ಲಿ ಕೆಲವರು ಕುಡುಕರು, ಕೆಲವರು ಸೆರೆಮನೆ ಕಂಡುಬಂದವರು, ಅಲ್ಲಿ ಬೆಂಚುಗಳ ಮೇಲೆ ಕುಳಿತು ಒರಟಾದ ಬೆರಳುಗಳಿಂದ ಅಕ್ಷರ ತಿದ್ದುತ್ತಿದ್ದರು. ಬಳಿಕ ಬೈಬಲಿನ ಒಂದು ಭಾಗವನ್ನೋದಿ ಅದರ ಅರ್ಥವನ್ನು ಕುರಿತು ಮಾತನಾಡುತ್ತಿದ್ದರು. ಇಪ್ಪತ್ತರ ಹರೆಯದಲ್ಲಿ ಅಲ್ಲಿ ಪಾಠ ಹೇಳಲು ತೊಡಗಿದ ಜಾರ್ಜನು ಸುಮಾರು ಐವತ್ತು ವರ್ಷಗಳ ಕಾಲ, ಕಾರ್ಖಾನೆಯ ಒಡೆಯನಾದ ಮೇಲೆಯೂ, ಭಾನುವಾರದ ಬೆಳಗಿನಲ್ಲಿ ನಸುಕಿಗೇ ಎದ್ದು ಕುದುರೆಯೇರಿ ಆ ಪಾಠಶಾಲೆಗೆ ಹೋಗುತ್ತಿದ್ದನು. ಬಾರದೆ ನಿಂತ ಶಿಷ್ಯನನ್ನು ವಿಚಾರಿಸಲು ಅವನ ಮನೆಗೆ ಹೋಗುವುದು ವಾಡಿಕೆ. ಹಾಗೆ ಹೋದಾಗ ಅವನು ಕಂಡದ್ದು ಬೆನ್ನಿಗೆ ಬೆನ್ನು ತಾಗಿಸಿ ಕಟ್ಟಿದ, ಹಿಂಬದಿಗೆ ಕಿಟಕಿಯೇ ಇಲ್ಲದ ಮನೆಗಳನ್ನು. ಹಲವು ಸಂಸಾರಗಳಿಗೆ ಒಂದೇ ಕೊಳಾಯಿಯನ್ನು. ಹಸುರಿನ ಗುರುತಿಲ್ಲದ ಅಂಗಳಗಳಲ್ಲಿ ಕೆಮ್ಮುತ್ತಿದ್ದ ಮಕ್ಕಳನ್ನು. ಇಂಥ ಮನೆಯಲ್ಲಿ ಬಾಳುವವನಿಗೆ ಭಾನುವಾರದ ಒಂದು ಗಂಟೆಯಲ್ಲಿ ಎಷ್ಟು ಧರ್ಮವನ್ನು ಬೋಧಿಸಿದರೂ ಸೋಮವಾರ ಸಂಜೆ ಅವನು ಮದ್ಯದಂಗಡಿಯ ಬೆಳಕಿಗೇ ಓಡುವನೆಂಬುದು ಜಾರ್ಜನಿಗೆ ಮನವರಿಕೆಯಾಯಿತು. ಉಪದೇಶವು ಮನೆಯಿಂದ ಆರಂಭವಾಗಬೇಕು. ಮನೆಯೆಂದರೆ ಇಟ್ಟಿಗೆ, ಗಾಳಿ, ಬೆಳಕು ಮತ್ತು ಒಂದಿಷ್ಟು ನೆಲ ಎಂಬ ತತ್ತ್ವವನ್ನು ಅವನು ಅಲ್ಲಿಂದ ಕಲಿತನು.

ನಗರದ ಬ್ರಿಜ್ ಸ್ಟ್ರೀಟಿನಲ್ಲಿದ್ದ ಕಾರ್ಖಾನೆಯು ಕಿರಿದಾಗಿ ಬಂದಾಗ, ಅಣ್ಣತಮ್ಮಂದಿರು ಅಲ್ಲಿಯೇ ಇನ್ನೊಂದು ಕಟ್ಟಡವನ್ನೆಬ್ಬಿಸುವ ಬದಲು ನಗರದಿಂದ ದಕ್ಷಿಣಕ್ಕೆ ನಾಲ್ಕು ಮೈಲಿ ಆಚೆ, ಬೋರ್ನ್ ಎಂಬ ಸಣ್ಣ ಹಳ್ಳದ ದಂಡೆಯಲ್ಲಿ ಹದಿನಾಲ್ಕೂವರೆ ಎಕರೆ ಹುಲ್ಲುಗಾವಲನ್ನು 1878ರಲ್ಲಿ ಕೊಂಡರು. ಕಾಲುವೆಯೂ ರೈಲುಮಾರ್ಗವೂ ಸಮೀಪದಲ್ಲಿದ್ದುದರಿಂದ ಅದು ವ್ಯಾಪಾರದೃಷ್ಟಿಗೂ ಒಪ್ಪಿದ ಸ್ಥಳವೇ. ಆದರೆ ಹಳ್ಳಿಗಾಡಿಗೆ ಕಾರ್ಖಾನೆಯನ್ನು ಒಯ್ಯುವವರನ್ನು ಅಂದಿನ ವರ್ತಕ ಸಮಾಜವು ಹುಚ್ಚರೆಂದೇ ಎಣಿಸಿತು. ಮರುವರ್ಷ ಇನ್ನೂರಕ್ಕೂ ಮಿಕ್ಕ ಕೆಲಸಗಾರರೊಡನೆ ಅಲ್ಲಿ ಕಾರ್ಯಾರಂಭವಾಯಿತು. ಸ್ಥಳಕ್ಕೆ ಬೋರ್ನ್‌ವಿಲ್ ಎಂದು ಹೆಸರಿಟ್ಟರು. ದಿನದ ಕೆಲಸವು ಬೈಬಲಿನ ಪಠನದಿಂದಲೂ ಚಿಕ್ಕದೊಂದು ಪ್ರಾರ್ಥನೆಯಿಂದಲೂ ಮೊದಲಾಗುತ್ತಿದ್ದಿತು. ಶನಿವಾರ ಅರ್ಧದಿನದ ರಜೆ, ನಡೆದುಬಂದವರ ಒದ್ದೆಯಾದ ಬಟ್ಟೆಗಳನ್ನು ಒಣಗಿಸಲು ಒಂದು ಬಿಸಿಕೋಣೆ, ಮನೆಯಿಂದ ತಂದ ಊಟವನ್ನು ಬಿಸಿಮಾಡಿಕೊಳ್ಳಲು ಒಲೆಗಳು, ಹೆಣ್ಣುಮಕ್ಕಳಿಗೂ ಗಂಡಸರಿಗೂ ಬೇರೆ ಬೇರೆ ಆಟದ ಬಯಲುಗಳು, ಮುಂದೆ ವೈದ್ಯರು, ದಂತವೈದ್ಯರು, ಈಜುಕೊಳ, 1906ರಲ್ಲಿ ನಿವೃತ್ತಿವೇತನದ ನಿಧಿ: ಇವುಗಳಲ್ಲಿ ಹೆಚ್ಚಿನವನ್ನು ಅಂದಿನ ಕಾನೂನು ಕೇಳಿರಲಿಲ್ಲ. ಮದುವೆಯಾದ ಹೆಂಗಸು ಕೆಲಸವನ್ನು ಬಿಡಬೇಕೆಂಬ ನಿಯಮವೂ ಅಲ್ಲಿದ್ದಿತು. ಹೆಣ್ಣಿನ ಸ್ಥಾನವು ಮನೆಯೆಂಬ ಆ ಯುಗದ ಮತಿಯನ್ನು ಅವನು ದಾಟಲಾರದೆ ಹೋದನು. ಗುಣವನ್ನು ಹೇಳುವಾಗ ಇದನ್ನೂ ಹೇಳುವುದು ನ್ಯಾಯ.

1895ರಲ್ಲಿ ಜಾರ್ಜನು ಕಾರ್ಖಾನೆಯ ನೆರೆಯಲ್ಲಿ ತಾನು ಸ್ವಂತ ಹಣದಿಂದ ಕೊಂಡ 120 ಎಕರೆ ನೆಲದಲ್ಲಿ, ವಿಲಿಯಂ ಅಲೆಕ್ಸಾಂಡರ್ ಹಾರ್ವೆ ಎಂಬ ತರುಣ ವಾಸ್ತುಶಿಲ್ಪಿಯ ಸಹಾಯದಿಂದ ಮನೆಗಳನ್ನು ಕಟ್ಟಿಸಲು ತೊಡಗಿದನು. ಪ್ರತಿಯೊಂದು ನಿವೇಶನದಲ್ಲಿ ಮನೆಯು ಕಾಲುಭಾಗಕ್ಕಿಂತ ಹೆಚ್ಚು ನೆಲವನ್ನು ಆಕ್ರಮಿಸಕೂಡದು, ಮಿಕ್ಕದ್ದೆಲ್ಲ ತೋಟ. ಬಾಡಿಗೆದಾರನು ಕಾಲಿಡುವ ಮೊದಲೇ ಆ ತೋಟವನ್ನು ಅಗೆದು ಹದಮಾಡಿ, ತುದಿಯಲ್ಲಿ ಸೇಬು, ಪೇರು, ಪ್ಲಮ್ ಮೊದಲಾದ ಹಣ್ಣಿನ ಸಸಿಗಳನ್ನು ನೆಡಿಸಿಡುತ್ತಿದ್ದರು. ಕಾರ್ಖಾನೆಯ ನಾಲ್ಕು ಗೋಡೆಗಳ ನಡುವೆ ದಿನಕಳೆದವನು ಸಂಜೆ ಗುದ್ದಲಿ ಹಿಡಿದು ಮಣ್ಣಿನಲ್ಲಿ ನಿಲ್ಲಬೇಕೆಂಬುದು ಜಾರ್ಜನ ಆಶಯ. ಬೀದಿಗಳು ಅಗಲ, ಅವುಗಳ ಎರಡೂ ಬದಿಗೆ ಮರಗಳು, ನಡುವೆ ಮಕ್ಕಳಾಡುವ ಹಸುರು ಬಯಲು. ಮದ್ಯದಂಗಡಿಯು ಮಾತ್ರ ಇರಕೂಡದು. ಈ ಮನೆಗಳು ತನ್ನ ನೌಕರರಿಗೆ ಮಾತ್ರವೆಂದು ಅವನು ವಿಧಿಸಲಿಲ್ಲವೆಂಬುದು ಗಮನಿಸತಕ್ಕ ಅಂಶ. ಮನೆಯೂ ಕೆಲಸವೂ ಒಬ್ಬನ ಕೈಯಲ್ಲಿದ್ದರೆ ಕೆಲಸ ಕಳೆದುಕೊಂಡವನು ಸೂರನ್ನೂ ಕಳೆದುಕೊಳ್ಳುವನು. ಆಗ ಔದಾರ್ಯವೇ ಸಂಕೋಲೆಯಾಗುವುದು. ಆದಕಾರಣ ಬೋರ್ನ್‌ವಿಲ್‌ನಲ್ಲಿ ಬೇರೆ ಕಾರ್ಖಾನೆಗಳವರೂ ನಗರದ ಗುಮಾಸ್ತರೂ ಕೂಡಿ ವಾಸಮಾಡಿದರು.

ಮೊದಮೊದಲು ಅವನು ಮನೆಗಳನ್ನು ಕಟ್ಟಿದ ವೆಚ್ಚಕ್ಕೇ, ಕಡಮೆ ಬಡ್ಡಿಯ ಸಾಲವನ್ನೂ ಒದಗಿಸಿ, 999 ವರ್ಷಗಳ ಗುತ್ತಿಗೆಯ ಮೇಲೆ ಜನರಿಗೆ ಕೊಡುತ್ತಿದ್ದನು. ಕೊಂಡವರಲ್ಲಿ ಕೆಲವರು ಅವನ್ನು ಹೆಚ್ಚಿನ ಬೆಲೆಗೆ ಮಾರಿ ಲಾಭ ತೆಗೆದರು. ಇದನ್ನು ಕಂಡು ಮನನೊಂದು ಕೆಲಸವನ್ನೇ ನಿಲ್ಲಿಸುವ ದಾನಿಗಳುಂಟು. ಜಾರ್ಜನು ದಾನದ ವಿಧಾನವನ್ನು ತಿದ್ದಿದನು. 1900ರಲ್ಲಿ, 330 ಎಕರೆ ನೆಲವನ್ನೂ ಅದರ ಮೇಲಣ 313 ಮನೆಗಳನ್ನೂ ಬೋರ್ನ್‌ವಿಲ್ ವಿಲೇಜ್ ಟ್ರಸ್ಟ್ ಎಂಬ ಧರ್ಮನಿಧಿಗೆ ಬರೆದುಕೊಟ್ಟು, ತಾನಾಗಲಿ ತನ್ನ ಸಂತಾನವಾಗಲಿ ತನ್ನ ಕಂಪನಿಯಾಗಲಿ ಅದರಿಂದ ಒಂದು ಕಾಸಿನ ಲಾಭವನ್ನೂ ಪಡೆಯದಂತೆ ಕಟ್ಟುಮಾಡಿದನು. ಬಾಡಿಗೆಯಿಂದ ಬಂದ ಹಣವು ದುರಸ್ತಿಗೆ ಹೋಗಿ ಮಿಕ್ಕರೆ, ಆ ಮಿಗತೆಯಿಂದ ಇನ್ನಷ್ಟು ಮನೆಗಳು ಏಳತಕ್ಕದ್ದು. ಮರುವರ್ಷ ಇಂಗ್ಲೆಂಡಿನ ಉದ್ಯಾನನಗರ ಸಂಘದ ಮೊದಲ ಸಮ್ಮೇಳನವು ಬೋರ್ನ್‌ವಿಲ್‌ನಲ್ಲಿಯೇ ನಡೆಯಿತು. ನಗರರಚನೆಯನ್ನು ಕುರಿತು ಚಿಂತಿಸುವವರಿಗೆಲ್ಲ ಅದು ಯಾತ್ರಾಸ್ಥಳವಾಯಿತು. ಅಲ್ಲಿನ ಶಿಶುಮರಣದ ಪ್ರಮಾಣವು ಕೆಲವು ವರ್ಷಗಳಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ಪ್ರಮಾಣದ ಅರ್ಧದಷ್ಟಕ್ಕೆ ಇಳಿದದ್ದು, ಬೆಳಕು ಮತ್ತು ನೆಲ ಎಂಬ ಅವನ ತತ್ತ್ವಕ್ಕೆ ದೊರೆತ ನಿರುತ್ತರವಾದ ಸಾಕ್ಷ್ಯ. 1899ರಲ್ಲಿ ಜೆರೂಸಲೇಮಿನಲ್ಲಿ ಮೃತನಾದ ಅಣ್ಣ ರಿಚರ್ಡನು ಈ ಟ್ರಸ್ಟನ್ನು ಕಾಣಲಿಲ್ಲ.

ಸಾರ್ವಜನಿಕ ಜೀವನದಲ್ಲಿಯೂ ಅವನ ಶ್ರದ್ಧೆಯು ಅನೇಕ ಸಲ ನಿಕಷಕ್ಕೆ ಬಿದ್ದಿತು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಕಾಲದಲ್ಲಿ ವಿಕ್ಟೋರಿಯಾ ರಾಣಿಯು ಸೈನಿಕರಿಗೆ ಹೊಸವರ್ಷದ ಕಾಣಿಕೆಯಾಗಿ ಚಾಕೊಲೇಟಿನ ಡಬ್ಬಿಗಳನ್ನು ಕಳುಹಿಸಬೇಕೆಂದಾಗ, ಯುದ್ಧವನ್ನು ಒಪ್ಪದ ಮೂರು ಕ್ವೇಕರ್ ಮನೆತನಗಳೂ ಲಾಭವನ್ನು ಮುಟ್ಟದೆ, ಡಬ್ಬಿಯ ಮೇಲೆ ತಮ್ಮ ಹೆಸರನ್ನು ಹಾಕದೆ ಅದನ್ನು ಒದಗಿಸಿದವು. ಆ ಯುದ್ಧವನ್ನು ವಿರೋಧಿಸುವ ದನಿಯೊಂದು ಬೇಕೆಂದು ಜಾರ್ಜನು 1901ರಲ್ಲಿ ‘ಡೈಲಿ ನ್ಯೂಸ್’ ಪತ್ರಿಕೆಯ ಒಡೆತನವನ್ನು ವಹಿಸಿಕೊಂಡು, ಕುದುರೆಜೂಜಿನ ಸುದ್ದಿಯನ್ನೂ ಮದ್ಯದ ಜಾಹೀರಾತನ್ನೂ ಅದರಿಂದ ಹೊರಗಿಟ್ಟು, ನಷ್ಟವನ್ನು ತಾನೇ ಹೊತ್ತನು. ವೃದ್ಧರಿಗೆ ಸರ್ಕಾರವು ವೇತನ ಕೊಡಬೇಕೆಂಬ ಚಳುವಳಿಗೂ ಅವನ ಹಣವೂ ಪತ್ರಿಕೆಯೂ ಒದಗಿದವು.

ಇಷ್ಟೆಲ್ಲದರ ನಡುವೆ ಅತ್ಯಂತ ಕಠಿನವಾದ ಪರೀಕ್ಷೆಯು ಬಂದದ್ದು ಕೊಕ್ಕೋ ಬೀಜದ ಚೀಲದೊಳಗಿನಿಂದಲೇ. ಕಂಪನಿಯು ಕೊಳ್ಳುತ್ತಿದ್ದ ಬೀಜದ ದೊಡ್ಡದೊಂದು ಪಾಲು ಪಶ್ಚಿಮ ಆಫ್ರಿಕಾದ ಕರಾವಳಿಯಾಚೆ, ಪೋರ್ಚುಗೀಸರ ಅಧೀನದಲ್ಲಿದ್ದ ಸಾವೊ ತೊಮೆ ಮತ್ತು ಪ್ರಿನ್ಸಿಪೆ ದ್ವೀಪಗಳಿಂದ ಬರುತ್ತಿದ್ದಿತು. ಅಲ್ಲಿನ ತೋಟಗಳಲ್ಲಿ ದುಡಿಯುತ್ತಿದ್ದವರು ಅಂಗೋಲದ ಒಳನಾಡಿನಿಂದ ಹಿಡಿದು ತಂದ ಜನ. ಕಾಗದದ ಮೇಲೆ ಅವರು ಐದು ವರ್ಷದ ಕರಾರಿನ ಕೂಲಿಗಳು. ವಾಸ್ತವದಲ್ಲಿ ಹಿಂತಿರುಗಿ ಹೋದವನೇ ಇಲ್ಲವೆನ್ನುವಂಥ ದಾಸರು. 1901ರಲ್ಲಿ ಮಾರಾಟಕ್ಕಿದ್ದ ತೋಟವೊಂದರ ಪಟ್ಟಿಯು ಕಂಪನಿಯ ಕೈಗೆ ಬಂದಾಗ, ಕಟ್ಟಡ ದನಕರುಗಳ ಜೊತೆಯಲ್ಲಿ ಕಪ್ಪುಜನರಾದ ಕೂಲಿಗಳಿಗೂ ಬೆಲೆಕಟ್ಟಿ ನಮೂದಿಸಿದ್ದುದು ಕಣ್ಣಿಗೆ ಬಿದ್ದಿತು. ರಿಚರ್ಡನ ಮಗ ವಿಲಿಯಂ ಕ್ಯಾಡ್ಬರಿಯು 1903ರಲ್ಲಿ ಲಿಸ್ಬನ್ನಿಗೆ ಹೋಗಿ ವಿಚಾರಿಸಿದನು. 1905ರಲ್ಲಿ ಜೋಸೆಫ್ ಬರ್ಟ್ ಎಂಬಾತನನ್ನು ಆ ದ್ವೀಪಗಳಿಗೂ ಅಂಗೋಲಕ್ಕೂ ಕಳುಹಿಸಿದರು. 1907ರಲ್ಲಿ ಅವನ ವರದಿಯು ಕೈಸೇರಿತು. ವಿದೇಶಾಂಗ ಇಲಾಖೆಯೊಡನೆ ಮಾತುಕತೆ ನಡೆಯಿತು. ವಿಲಿಯಂ ತಾನೇ ಆಫ್ರಿಕಾಕ್ಕೆ ಹೋಗಿ ನೋಡಿ ಬಂದನು. 1909ರ ಮಾರ್ಚ್ ತಿಂಗಳಿನಲ್ಲಿ ಕ್ಯಾಡ್ಬರಿ, ಫ್ರೈ ಮತ್ತು ರೌಂಟ್ರೀ ಕಂಪನಿಗಳು ಆ ದ್ವೀಪಗಳ ಕೊಕ್ಕೋವನ್ನು ಬಹಿಷ್ಕರಿಸಿದವು. ಸಂಶಯದ ಮೊದಲ ಸುಳಿವಿನಿಂದ ಬಹಿಷ್ಕಾರದವರೆಗೆ ಕಳೆದದ್ದು ಎಂಟು ವರ್ಷ. ಆ ಎಂಟು ವರ್ಷವೂ ಬೀಜವನ್ನು ಕೊಳ್ಳುವುದು ನಿಂತಿರಲಿಲ್ಲ.

ಕೊಳ್ಳುತ್ತಿದ್ದರೆ ತಾನೇ ಪೋರ್ಚುಗೀಸರ ಮೇಲೆ ನಮ್ಮ ಪ್ರಭಾವ ನಡೆದೀತು, ಬಿಟ್ಟರೆ ಬೇರೊಬ್ಬನು ಕೊಂಡಾನು, ದಾಸರ ಸ್ಥಿತಿ ಹಾಗೆಯೇ ಉಳಿದೀತು, ಎಂಬುದು ಅವರ ಸಮಾಧಾನ. ಈ ಸಮಾಧಾನದಲ್ಲಿ ಅಪ್ರಾಮಾಣಿಕತೆಯಿಲ್ಲದಿರಬಹುದು. ಆದರೂ ತೋಟದಲ್ಲಿ ಸಾಯುತ್ತಿದ್ದವನಿಗೆ ಅದು ಏನನ್ನೂ ಕೊಡಲಿಲ್ಲ. ‘ಸ್ಟ್ಯಾಂಡರ್ಡ್’ ಎಂಬ ಪತ್ರಿಕೆಯು ಈ ವಿಳಂಬವನ್ನು ಕಪಟವೆಂದು ಕರೆದಾಗ ಕಂಪನಿಯು ಮಾನನಷ್ಟದ ಮೊಕದ್ದಮೆ ಹೂಡಿತು. 1909ರ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ವಿಚಾರಣೆ ನಡೆದು, ಜ್ಯೂರಿಯವರು ಕ್ಯಾಡ್ಬರಿಯವರ ಪಕ್ಷಕ್ಕೇ ತೀರ್ಪು ಕೊಟ್ಟು, ಪರಿಹಾರವೆಂದು ಒಂದು ಫಾರ್ದಿಂಗನ್ನು, ಎಂದರೆ ಕಾಲು ಪೆನ್ನಿಯನ್ನು, ವಿಧಿಸಿದರು. ಆ ಜ್ಯೂರಿಯ ವಿವೇಕವು ಮೆಚ್ಚತಕ್ಕದ್ದು. ಕ್ಯಾಡ್ಬರಿಯವರು ಕಪಟಿಗಳಲ್ಲವೆಂಬುದು ದಿಟ. ವಿಳಂಬವು ನಿರ್ದೋಷವಲ್ಲವೆಂಬುದೂ ದಿಟ. ತನ್ನ ಕಾರ್ಖಾನೆಯ ಹುಡುಗಿಯ ಒದ್ದೆ ಬಟ್ಟೆಯನ್ನು ಕಂಡು ಬಿಸಿಕೋಣೆ ಕಟ್ಟಿಸಿದ ಮನುಷ್ಯನಿಗೆ, ಕಣ್ಣಿಗೆ ಬೀಳದ ದ್ವೀಪದ ದುಃಖವು ಅಷ್ಟೇ ಬೇಗ ಹೃದಯವನ್ನು ಮುಟ್ಟಲಿಲ್ಲ. ಸಜ್ಜನರ ಕರುಣೆಗೂ ದೂರವೆಂಬುದು ಒಂದು ಪರದೆ. ಜಾರ್ಜನ ಸ್ಮರಣೆಯಿಂದ ಈ ಅಧ್ಯಾಯವನ್ನು ತೆಗೆದುಹಾಕಿದರೆ ಅವನಿಗೆ ಗೌರವ ಸಲ್ಲಿಸಿದಂತಾಗದು. ಅರ್ಥಶೌಚವು ಒಮ್ಮೆ ಸಾಧಿಸಿ ಮುಗಿಸುವ ವ್ರತವಲ್ಲ, ಸರಕು ಎಲ್ಲಿಂದ ಬರುವುದೋ ಅಲ್ಲಿಯವರೆಗೂ ಅದನ್ನು ಒಯ್ಯಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ದೊರೆಯದು. ಬಹಿಷ್ಕಾರದ ಬಳಿಕ ಕಂಪನಿಯ ಖರೀದಿಯು ಗೋಲ್ಡ್ ಕೋಸ್ಟಿನ ಕಡೆಗೆ, ಎಂದರೆ ಇಂದಿನ ಘಾನಾದ ಕಡೆಗೆ ತಿರುಗಿತು. ಅಲ್ಲಿ ಕೊಕ್ಕೋ ಬೆಳೆಯುತ್ತಿದ್ದವರು ತಮ್ಮ ತಮ್ಮ ನೆಲದ ಸಣ್ಣ ರೈತರು.

ಶ್ರದ್ಧೆಯನ್ನೂ ವ್ಯಾಪಾರವನ್ನೂ ಹೊಂದಿಸುವ ಈ ಪ್ರಶ್ನೆಯು ಕನ್ನಡನಾಡಿಗೆ ಹೊರತಾದುದಲ್ಲ. ಕ್ರೈಸ್ತಶ್ರದ್ಧೆಯೂ ಉದ್ಯಮವೂ ಕೂಡಿ ನಡೆದದ್ದನ್ನು ಬಾಸೆಲ್ ಮಿಷನ್ನಿನವರು 1865ರಲ್ಲಿ ಸ್ಥಾಪಿಸಿದ ಹಂಚಿನ ಕಾರ್ಖಾನೆಯ ಮೂಲಕ ಮಂಗಳೂರು ಬಹುಕಾಲದ ಹಿಂದೆಯೇ ಕಂಡಿದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಕನ್ನಡದ ಅಡಕೆ ತೋಟಗಳ ನೆರಳಿನಲ್ಲಿ ಕೊಕ್ಕೋ ಗಿಡವು ಬೇರೂರಿತು. ಅದನ್ನು ಹಬ್ಬಿಸಲು ಕ್ಯಾಡ್ಬರಿ ಕಂಪನಿಯ ಭಾರತೀಯ ಶಾಖೆಯೂ ಪ್ರೋತ್ಸಾಹ ಕೊಟ್ಟಿತು. ಕಾಯನ್ನು ಒಡೆದು, ಬಿಳಿಯ ಲೋಳೆ ಹತ್ತಿದ ಹಸಿ ಬೀಜವನ್ನು ಬಿಡಿಸಿ, ಕೊಳೆಯಲಿಟ್ಟು, ಬಿಸಿಲಿಗೆ ಹರವುವ ಕೆಲಸವನ್ನು ಪುತ್ತೂರು ಸುಳ್ಯಗಳ ಕೃಷಿಕರು ಕಲಿತರು. 1980ರ ಸುಮಾರಿಗೆ ಬೆಲೆ ಕುಸಿದು ಖಾಸಗಿ ಖರೀದಿಯು ಹಿಂಜರಿದಾಗ ಅವರ ಕೈ ಹಿಡಿದದ್ದು, ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಹುಟ್ಟಿದ್ದ ಬೆಳೆಗಾರರದೇ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೋ. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆಯೂ ಎದ್ದಿತು. ಬೀಜ ಬೆಳೆದವನನ್ನು ಮರೆತು ಚಾಕೊಲೇಟಿನ ನೀತಿಯನ್ನು ಕಟ್ಟಲಾಗದೆಂಬ ಪಾಠವನ್ನು ಸಾವೊ ತೊಮೆಯ ದುಃಖವು ಒಂದು ಬಗೆಯಾಗಿ ಕಲಿಸಿದರೆ, ಪುತ್ತೂರಿನ ಸಹಕಾರವು ಇನ್ನೊಂದು ಬಗೆಯಾಗಿ, ಬೆಳೆಗಾರನೇ ಒಡೆಯನಾಗುವ ಮೂಲಕ ಕಲಿಸಿತು.

ಜಾರ್ಜನ ಕೊಡುಗೆಗಳಲ್ಲಿ ಭಾರತೀಯರು ನೆನೆಯತಕ್ಕ ಇನ್ನೊಂದಿದೆ. ತಾನು ವಾಸವಾಗಿದ್ದ ವುಡ್‌ಬ್ರೂಕ್ ಎಂಬ ಮನೆಯನ್ನು ಅವನು 1903ರಲ್ಲಿ ಕ್ವೇಕರರ ಅಧ್ಯಯನಕೇಂದ್ರವಾಗಲೆಂದು ಬಿಟ್ಟುಕೊಟ್ಟನು. 1930ರಲ್ಲಿ ರವೀಂದ್ರನಾಥ ಠಾಕೂರರು ಅಲ್ಲಿ ತಂಗಿದರು. ಮರುವರ್ಷ ದುಂಡುಮೇಜಿನ ಪರಿಷತ್ತಿಗೆಂದು ಇಂಗ್ಲೆಂಡಿಗೆ ಬಂದಿದ್ದ ಗಾಂಧೀಜಿಯವರೂ ಅಕ್ಟೋಬರ್ ತಿಂಗಳಿನಲ್ಲಿ ಅಲ್ಲಿಗೆ ಹೋಗಿದ್ದರು. ಮೌನಪ್ರಾರ್ಥನೆಯನ್ನೂ ಅಹಿಂಸೆಯನ್ನೂ ನಂಬಿದವರ ಆ ಮನೆಯಲ್ಲಿ ಗಾಂಧೀಜಿಯವರಿಗೆ ಪರಕೀಯತೆ ತೋರಿರಲಾರದು. ಮನೆಯ ಯಜಮಾನನು ಆ ವೇಳೆಗೆ ಇರಲಿಲ್ಲ. 1922ರ ಅಕ್ಟೋಬರ್ 24ರಂದು ಅವನು ತೀರಿಕೊಂಡಿದ್ದನು. ಬೋರ್ನ್‌ವಿಲ್‌ನ ಹಸುರು ಬಯಲಿನಲ್ಲಿ ಸಹಸ್ರಾರು ಜನ ನೆರೆದು ಅವನಿಗೆ ಅಂತ್ಯಗೌರವವನ್ನು ಸಲ್ಲಿಸಿದರು. ಅದೇ ಬಯಲಿನಲ್ಲಿ ಎಂಟು ಮೂಲೆಯ ವಿಶ್ರಾಂತಿಗೃಹವೊಂದಿದೆ. ಜಾರ್ಜ್ ಮತ್ತು ಎಲಿಜಬೆತ್ ದಂಪತಿಗಳ ವಿವಾಹಕ್ಕೆ 1913ರಲ್ಲಿ ಇಪ್ಪತ್ತೈದು ವರ್ಷ ತುಂಬಿದುದರ ನೆನಪಿಗಾಗಿ ಕೆಲಸಗಾರರು ತಾವೇ ಚಂದಾ ಕೂಡಿಸಿ ಕಟ್ಟಿಸಿದ್ದು. ಧಣಿಯು ನೌಕರರಿಗೆ ಕಟ್ಟಿಸಿಕೊಟ್ಟ ಕಟ್ಟಡಗಳು ಲೋಕದಲ್ಲಿ ಬಹಳ. ನೌಕರರು ಧಣಿಯ ಪ್ರೀತಿಗಾಗಿ ಕಟ್ಟಿಸಿದ್ದು ಬಹು ಕಡಮೆ.

ಕಾಲಕ್ರಮದಲ್ಲಿ ಕಂಪನಿಯು ಮನೆತನದ ಕೈಬಿಟ್ಟು ಪೇಟೆಯ ಷೇರುಗಳಾಯಿತು. 2010ರಲ್ಲಿ ಅಮೆರಿಕದ ಕ್ರಾಫ್ಟ್ ಸಂಸ್ಥೆಯು ಅದನ್ನು ಕೊಂಡುಕೊಂಡಿತು. ಆದರೆ 1900ರಲ್ಲಿ ಜಾರ್ಜನು ಬರೆದುಕೊಟ್ಟ ಟ್ರಸ್ಟನ್ನು ಯಾರೂ ಕೊಳ್ಳಲಾಗಲಿಲ್ಲ, ಏಕೆಂದರೆ ಅದು ಯಾರ ಸ್ವತ್ತೂ ಆಗಿ ಉಳಿದಿರಲಿಲ್ಲ. ಅಂದಿನ 313 ಮನೆಗಳ ಜಾಗದಲ್ಲಿ ಇಂದು ಸುಮಾರು 8,000 ಮನೆಗಳು ಅದರ ಪಾಲನೆಯಲ್ಲಿವೆ. ಕೊಟ್ಟದ್ದು ಮತ್ತು ಬಚ್ಚಿಟ್ಟದ್ದು ಕಡೆಗೆ ಯಾರ ಪಾಲಾಗುವುವೆಂಬುದನ್ನು ಸರ್ವಜ್ಞನು ಬಹುಕಾಲದ ಹಿಂದೆಯೇ ಕನ್ನಡಿಗರಿಗೆ ತಿಳಿಸಿಟ್ಟಿದ್ದಾನೆ; ಬರ್ಮಿಂಗ್‌ಹ್ಯಾಮಿನ ಕ್ವೇಕರನ ಚರಿತ್ರೆಯು ಅದಕ್ಕೆ ಹೊರನಾಡಿನ ಸಾಕ್ಷಿ. ಇಂದು ನಮ್ಮಲ್ಲಿಯೂ ಹೊಸ ಹೊಸ ಉದ್ಯಮಗಳನ್ನು ಕಟ್ಟುವ ತರುಣರು ಬಹು ಮಂದಿ ಇದ್ದಾರೆ. ಅವರಲ್ಲಿ ಅನೇಕರು ಮುಂದೆ ಧಾರಾಳವಾಗಿ ದಾನಮಾಡುವವರೂ ಆಗುವರು. ಅವರ ಮತವು ಯಾವುದೇ ಇರಲಿ, ದಾನಪತ್ರಕ್ಕೆ ರುಜು ಹಾಕುವ ಮೊದಲು ಜಾರ್ಜ್ ಕ್ಯಾಡ್ಬರಿಯು ತನ್ನನ್ನು ಕೇಳಿಕೊಂಡ ಪ್ರಶ್ನೆಗಳನ್ನೂ, ಕೇಳಿಕೊಳ್ಳಲು ತಡಮಾಡಿದ ಪ್ರಶ್ನೆಯನ್ನೂ ಅವರು ಕೇಳಿಕೊಳ್ಳಲಿ: ನಾನು ಮಾರುವುದು ಶುದ್ಧವೇ, ನನಗಾಗಿ ದುಡಿಯುವವನ ಮನೆಯಲ್ಲಿ ಬೆಳಕಿದೆಯೇ, ನನ್ನ ಸರಕನ್ನು ಮೊದಲು ಮುಟ್ಟಿದ ಕೈ ಸ್ವತಂತ್ರವಾಗಿದೆಯೇ? ಈ ಮೂರಕ್ಕೂ ಹೌದೆಂದು ಹೇಳಬಲ್ಲವನ ವ್ಯಾಪಾರವು, ಅವನು ಒಂದು ಕಾಸನ್ನು ದಾನಮಾಡುವ ಮೊದಲೇ, ಧರ್ಮವಾಗಿರುತ್ತದೆ.